ಹಗ್ಗಕ್ಕೆ ಪ್ರಮಾಣಪತ್ರವಿತ್ತು, ಮರಕ್ಕೆ ಇರಲಿಲ್ಲ: ಒಂದು ಮಳೆಮರದ ಪ್ರಕರಣ

ಮರದ ಎತ್ತರ ಸುಮಾರು 18 ಮೀಟರ್. ಎದೆಮಟ್ಟದಲ್ಲಿ ಕಾಂಡದ ವ್ಯಾಸ 110 ಸೆಂಟಿಮೀಟರ್. ಒಂದು ಪಕ್ಕದಲ್ಲಿ ಎರಡು ಅಂತಸ್ತಿನ ಮನೆ, ಇನ್ನೊಂದು ಪಕ್ಕದಲ್ಲಿ ರಸ್ತೆ. ಕಾಂಡ ಮನೆಯ ಕಡೆಗೆ ತುಸು ವಾಲಿತ್ತು. ನೆಲದಿಂದ ಏಳು ಮೀಟರ್ ಮೇಲೆ ಹೊರಟ ದಪ್ಪ ಕೊಂಬೆಯೊಂದು ಚಾವಣಿಯ ಮೇಲೆ ಒಂಬತ್ತು ಮೀಟರ್ ಚಾಚಿಕೊಂಡಿತ್ತು. ಮಾಲೀಕರು ಕೇಳಿದ್ದು ಇಷ್ಟೇ: ಆ ಕೊಂಬೆಯನ್ನು ತೆಗೆಯಿರಿ, ಮರವನ್ನು ಉಳಿಸಿ.

ಕೆಲಸ ಒಪ್ಪಿಕೊಂಡ ತಂಡದಲ್ಲಿ ನಾಲ್ಕು ಜನ. ಮುಖ್ಯಸ್ಥೆ, ಮರ ಹತ್ತುವಾತ, ಕೆಳಗೆ ಹಗ್ಗ ಹಿಡಿಯುವ ಇಬ್ಬರು. ಫೋಟೋ ನೋಡಿ ದರ ಹೇಳಿದ್ದರು. ಮರಕ್ಕೇ ಪುಲ್ಲಿ ಕಟ್ಟಿ ಕೊಂಬೆಯನ್ನು ತುಂಡು ತುಂಡಾಗಿ ಇಳಿಸುವುದು ಯೋಜನೆ. ಬೆಳಿಗ್ಗೆ ಬಂದು ಹಗ್ಗ ಹಾಸಿದವರು ಒಂದೂ ಗರಗಸ ಚಾಲೂ ಮಾಡದೆ ಮಧ್ಯಾಹ್ನದ ಹೊತ್ತಿಗೆ ಕೆಲಸ ನಿಲ್ಲಿಸಿದರು. ಎರಡನೆಯ ಅಭಿಪ್ರಾಯ ಬೇಕೆಂದು ಮುಖ್ಯಸ್ಥೆ, ಮರಗಳ ಭದ್ರತೆ ಪರೀಕ್ಷಿಸುವ ನನ್ನನ್ನು ಕರೆದದ್ದು ಆಮೇಲೆ. ಈ ವೃತ್ತಿಯಲ್ಲಿ ನಾನು ಮೆಚ್ಚುವ ಕೆಲಸಗಳಲ್ಲಿ ಆ ಅರ್ಧ ದಿನ ಒಂದು. ಆದ್ದರಿಂದಲೇ ಇದನ್ನು ಪೂರ್ತಿಯಾಗಿ ಬರೆದಿಡುತ್ತಿದ್ದೇನೆ.

ಮೊದಲು ಸಲಕರಣೆಯ ಮಾತು. ಹತ್ತುವಾತನ ಗೇರ್‌ನಲ್ಲಿ ಹುಳುಕು ಹುಡುಕಹೋದರೆ ಏನೂ ಸಿಗುತ್ತಿರಲಿಲ್ಲ. ಹಗ್ಗ ಯುರೋಪಿನ ಇಎನ್ 1891 ಮಾನದಂಡದ ಎ ದರ್ಜೆಯದು, ಅಂದರೆ ಕನಿಷ್ಠ 22 ಕಿಲೋನ್ಯೂಟನ್ (ಸುಮಾರು 2,200 ಕಿಲೋ ತೂಕದಷ್ಟು ಎಳೆತ) ತಡೆಯುವಂಥದ್ದು. ಕ್ಯಾರಬೀನರ್‌ಗಳೆಲ್ಲ (ಹಗ್ಗ ಸಿಕ್ಕಿಸುವ ಲೋಹದ ಕೊಂಡಿಗಳು) ಮೂರು ಚಲನೆಗಳಲ್ಲಿ ಮಾತ್ರ ತೆರೆಯುವವು; ಕೊಂಬೆಗೆ ಉಜ್ಜಿದರೂ ತಾವಾಗಿ ಬಿಚ್ಚಿಕೊಳ್ಳುವುದಿಲ್ಲ. ಗರಗಸದ ಚೈನಿನಿಂದ ಕಾಲು ಕಾಯುವ ಪ್ಯಾಂಟ್ ಸಿ ಮಾದರಿಯದು. ಕಾಲಿನ ಮುಂಭಾಗ ಮಾತ್ರವಲ್ಲ, ಸುತ್ತಲೂ ರಕ್ಷಣಾ ಪದರ. ನೆಲದ ಮೇಲೆ ನಿಂತು ಕೊಯ್ಯುವವರಿಗೆ ಮುಂಭಾಗದ ರಕ್ಷಣೆ ಸಾಕಾಗಬಹುದು. ಮರದಲ್ಲಿ ತೂಗುತ್ತಿರುವವನ ಮೊಣಕಾಲು ಯಾವ ಕಡೆ ತಿರುಗಿರುತ್ತದೋ ಹೇಳಲಾಗದು. ಆ ಪದರ 1ನೇ ವರ್ಗದ್ದು. ಅಂದರೆ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಓಡುವ ಚೈನಿಗೆ ಒಡ್ಡಿ ಪರೀಕ್ಷಿಸಿದ್ದು. ಚೈನ್ ಇನ್ನೂ ವೇಗವಾಗಿ ಓಡುತ್ತಿದ್ದರೆ ಅದು ಗಾಯವನ್ನು ಚಿಕ್ಕದು ಮಾಡಬಹುದೇ ಹೊರತು ಪೂರ್ತಿ ತಪ್ಪಿಸುತ್ತದೆಂಬ ಭರವಸೆ ಇಲ್ಲ. ಹೆಲ್ಮೆಟ್ ಕೂಡ ಎತ್ತರದ ಕೆಲಸಕ್ಕೆಂದೇ ಮಾಡಿದ್ದು. ಕಟ್ಟಡ ಕೆಲಸದ ಇಎನ್ 397 (2012ರ ಆವೃತ್ತಿ) ಹೆಲ್ಮೆಟ್ಟಿನ ಗದ್ದಪಟ್ಟಿ 150ರಿಂದ 250 ನ್ಯೂಟನ್ ಎಳೆತಕ್ಕೇ ಬಿಚ್ಚಿಕೊಳ್ಳಬೇಕು. ಎಲ್ಲಾದರೂ ಸಿಕ್ಕಿಕೊಂಡರೆ ಕತ್ತು ಬಿಗಿಯಬಾರದೆಂದು ಹಾಗೆ. ಪರ್ವತಾರೋಹಣದ ಇಎನ್ 12492 ಪಟ್ಟಿಯಾದರೆ 500 ನ್ಯೂಟನ್‌ವರೆಗೂ ಹಿಡಿದಿರಬೇಕು. ಬೀಳುವವನ ತಲೆಯಿಂದ ಹೆಲ್ಮೆಟ್ ಮೊದಲೇ ಕಳಚಿ ಹೋಗಬಾರದೆಂದು. ಅಂಗಡಿಯಲ್ಲಿ ಎರಡೂ ಒಂದೇ ತರಹ ಕಾಣುತ್ತವೆ. ಕೊಳ್ಳುವಾಗ ಒಳಗಿನ ಚೀಟಿ ಓದದವರೇ ಹೆಚ್ಚು. ಈತ ಓದಿದ್ದ.

ಆರು ತಿಂಗಳಿಗೊಮ್ಮೆ ಪ್ರತಿ ಹಗ್ಗ, ಪ್ರತಿ ಹಾರ್ನೆಸ್ ತಪಾಸಣೆಯಾದ ದಾಖಲೆಯೂ ಇತ್ತು. ಚೈನ್‌ಸಾ ಬಳಸುವಾಗ ಎರಡು ಕಡೆ ಕಟ್ಟಿಕೊಳ್ಳುವ ಅಭ್ಯಾಸ ಆತನಿಗೆ ಉಸಿರಾಟದಷ್ಟು ಸಹಜವಾಗಿತ್ತು. ಮುಖ್ಯ ಹಗ್ಗ ಒಂದು, ಲ್ಯಾನ್ಯಾರ್ಡ್ ಎಂಬ ಗಿಡ್ಡ ಹಗ್ಗ ಇನ್ನೊಂದು. ಅಮೆರಿಕದ ಎಎನ್‌ಎಸ್‌ಐ ಝಡ್133 ಎಂಬ, ಮರ ಕಡಿಯುವ-ಸವರುವ ಕೆಲಸದ ಸುರಕ್ಷತಾ ಮಾನದಂಡ ಕೇಳುವುದೂ ಅದನ್ನೇ. ಬಿಗಿದ ಹಗ್ಗಕ್ಕೆ ಓಡುವ ಚೈನ್ ತಾಗಿದರೆ ಕಣ್ಣುಮಿಟುಕಿಸುವಷ್ಟರಲ್ಲಿ ಹಗ್ಗ ಹೋಗಿರುತ್ತದೆ, ಆಗ ಜೀವ ಉಳಿಸುವುದು ಎರಡನೆಯ ಕಟ್ಟು.

ಇಷ್ಟೆಲ್ಲ ಹೇಳಿದ್ದು ಏಕೆಂದರೆ, ಕೆಲಸ ನಿಂತದ್ದು ಅಜಾಗರೂಕತೆಯ ತಂಡದಲ್ಲಲ್ಲ. ಎಲ್ಲ ಸರಿಯಿದ್ದ ತಂಡದಲ್ಲಿ.

ನಿಲ್ಲಿಸಿದವನು ತಂಡದ ಅತಿ ಕಿರಿಯ. ಹಗ್ಗದ ಚೀಲ ಇಡಲು ಜಾಗ ಮಾಡಬೇಕೆಂದು ರಸ್ತೆ ಕಡೆಯ ಬುಡದಲ್ಲಿದ್ದ ತರಗೆಲೆಯ ರಾಶಿಯನ್ನು ಆತ ಸರಿಸಿದ. ಕಾಂಡ ಮಣ್ಣಿಗೆ ಸೇರುವಲ್ಲಿ ಅರ್ಧಚಂದ್ರಾಕಾರದ ಗಟ್ಟಿ ಅಣಬೆ ಅಂಟಿಕೊಂಡಿತ್ತು. ಮೇಲ್ಮೈ ಕಂದು, ಅಂಚು ಬಿಳಿ, ಸುತ್ತಲಿನ ಎಲೆಗಳ ಮೇಲೆಲ್ಲ ಕಾಫಿಪುಡಿಯಂಥ ಧೂಳು. ಆತನಿಗೆ ಅದರ ಹೆಸರು ಗೊತ್ತಿರಲಿಲ್ಲ. 'ಅಕ್ಕಾ, ಇದು ಇರಬೇಕಾದ್ದಾ?' ಎಂದು ಮುಖ್ಯಸ್ಥೆಯನ್ನು ಕರೆದು ತೋರಿಸಿದ. ಕೆಲಸ ಶುರುವಾಗುವ ಮುಂಚೆ ಎಲ್ಲರನ್ನೂ ಒಟ್ಟುಗೂಡಿಸಿ ಅಪಾಯಗಳನ್ನು ಮಾತಾಡಿಕೊಳ್ಳಬೇಕೆಂದು ಮಾನದಂಡಗಳು ಹೇಳುತ್ತವೆ. ಬಹಳ ತಂಡಗಳಲ್ಲಿ ಅದು ಒಬ್ಬ ಹೇಳುವ, ಉಳಿದವರು ತಲೆಯಾಡಿಸುವ ಶಾಸ್ತ್ರವಾಗಿಬಿಟ್ಟಿದೆ. ಇಲ್ಲಿ ಮುಖ್ಯಸ್ಥೆ ಪ್ರತಿದಿನ ಕೊನೆಗೊಂದು ಮಾತು ಸೇರಿಸುತ್ತಿದ್ದರು: ಯಾರಿಗೆ ಏನೇ ಕಂಡರೂ ಕೆಲಸ ನಿಲ್ಲಿಸಬಹುದು, ಕಾರಣ ಆಮೇಲೆ ಹೇಳಿದರಾಯಿತು. ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಆ ಮಾತನ್ನು ನಂಬಿದ್ದ. ಹಾಗೆ ನಂಬುವಂತೆ ನಡೆದುಕೊಂಡದ್ದು ಮುಖ್ಯಸ್ಥೆಯ ಹಿರಿಮೆ.

ಅಣಬೆ ಗ್ಯಾನೊಡರ್ಮಾ. ಬೇರು ಮತ್ತು ಬುಡದ ಕಟ್ಟಿಗೆಯನ್ನು ಒಳಗಿನಿಂದ ತಿನ್ನುವ ಬಿಳಿ ಕೊಳೆ ಅದರ ಕೆಲಸ. ಎಲೆಗೆ ನೀರು ಒಯ್ಯುವ ಹೊರಪದರ ಸುಮಾರಾಗಿ ಉಳಿದಿರುವವರೆಗೂ ಮೇಲೆ ಮರ ಹಸಿರಾಗಿಯೇ ಇರಬಹುದು. ಹಾಗಾಗಿ ತುಂಬು ನೆತ್ತಿ ನೋಡಿ ಬುಡ ಭದ್ರವೆಂದು ಅಂದಾಜಿಸುವಂತಿಲ್ಲ. ಹತ್ತುವಾತ ದುರ್ಬೀನು ಹಿಡಿದು ನೆತ್ತಿಯನ್ನು ಚೆನ್ನಾಗಿಯೇ ನೋಡಿದ್ದ. ಹಗ್ಗ ಹಾಕಲು ಯಾವ ಕವಲು ಗಟ್ಟಿ, ಎಲ್ಲಿ ಒಣ ಕೊಂಬೆ ಇದೆ, ಗೂಡು ಇದೆಯೇ ಎಲ್ಲವನ್ನೂ. ಬುಡದ ಸುತ್ತ ಮಾತ್ರ ಒಂದು ಪೂರ್ತಿ ಸುತ್ತು ಬಂದಿರಲಿಲ್ಲ. ಹತ್ತುವವರ ಕಣ್ಣು ಸಹಜವಾಗಿ ಮೇಲಕ್ಕೇ ಹೋಗುತ್ತದೆ.

ಮರದ ಇತಿಹಾಸ ಮಾಲೀಕರಿಂದ ತಿಳಿಯಿತು. ಕೆಲವು ವರ್ಷಗಳ ಹಿಂದೆ ರಸ್ತೆ ಕಡೆಯಲ್ಲಿ ಪೈಪಿಗಾಗಿ ಕಾಂಡದಿಂದ ಒಂದೂಕಾಲು ಮೀಟರ್ ದೂರದಲ್ಲಿ ಕಂದಕ ತೋಡಿದ್ದರು. ವಾಲಿದ ಮರವನ್ನು ಹಿಂದಕ್ಕೆ ಹಿಡಿದಿಡುವ ಬೇರುಗಳು ವಾಲಿಕೆಯ ವಿರುದ್ಧ ದಿಕ್ಕಿನಲ್ಲಿರುತ್ತವೆ. ಕಡಿದದ್ದು ಸರಿಯಾಗಿ ಅವನ್ನೇ. ಅದಕ್ಕೂ ಮುಂಚೆ ಬೇರೊಂದು ತಂಡ ಮರದ ತಲೆಯನ್ನು ಒಂದೇ ಮಟ್ಟಕ್ಕೆ ಕತ್ತರಿಸಿ, ಕಡಿದ ಮುಖಗಳಿಗೆ ಕಪ್ಪು ಬಣ್ಣ ಬಳಿದು ಹೋಗಿತ್ತು. ಬಣ್ಣ ಬಳಿದರೆ ಕೊಳೆ ತಡೆಯುತ್ತದೆಂಬ ನಂಬಿಕೆಯನ್ನು ಅಮೆರಿಕದ ಅರಣ್ಯ ಸೇವೆಯ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಸೀಳಿ ನೋಡಿ ಅಲ್ಲಗಳೆದರು. 1977ರಲ್ಲಿ ಅವರು ಮುಂದಿಟ್ಟ ವಿವರಣೆ ಇವತ್ತಿಗೂ ಈ ವೃತ್ತಿಯ ತಳಹದಿ: ಮರ ಗಾಯವನ್ನು ನಮ್ಮ ಚರ್ಮದ ಹಾಗೆ ವಾಸಿ ಮಾಡಿಕೊಳ್ಳುವುದಿಲ್ಲ, ಗಾಯದ ಸುತ್ತ ಗೋಡೆ ಕಟ್ಟಿ ಕೊಳೆಯನ್ನು ಒಳಗೇ ಬಂಧಿಸುತ್ತದೆ, ಹೊರಗೆ ಹೊಸ ಕಟ್ಟಿಗೆ ಬೆಳೆಸುತ್ತದೆ. ಕೊಂಬೆ ಕಾಂಡಕ್ಕೆ ಸೇರುವಲ್ಲಿನ ಉಬ್ಬಿನ, ಅಂದರೆ ಕೊಂಬೆಯ ಕೊರಳಿನ, ಹೊರಗೆ ಕತ್ತರಿಸಿದರೆ ಆ ಗೋಡೆ ಗಟ್ಟಿಯಾಗುತ್ತದೆ. ನಡು ಕಾಂಡದಲ್ಲಿ ಕತ್ತರಿಸಿದರೆ ಗೋಡೆ ಕಟ್ಟುವ ಸಿದ್ಧತೆಯೇ ಅಲ್ಲಿರುವುದಿಲ್ಲ. ಈ ಮರದ ತಲೆಯಲ್ಲಿ ಈಗ ಎದ್ದು ನಿಂತ ದಪ್ಪ ಚಿಗುರುಗಳೆಲ್ಲ ಆ ಕೊಳೆತ ಮೋಟುಗಳ ಅಂಚಿಗೆ ಅಂಟಿಕೊಂಡು ಬೆಳೆದವು. ಹತ್ತುವಾತ ತನ್ನ ಎರಡನೆಯ ಹಗ್ಗಕ್ಕೆ ಗುರುತಿಸಿಟ್ಟಿದ್ದ ಕವಲು ಅಂಥದ್ದೇ ಒಂದು.

ಇಲ್ಲಿಂದ ವಾದ ಶುರುವಾಯಿತು. ಹತ್ತುವಾತನದು ನ್ಯಾಯವಾದ ಮಾತು. 'ಗೇರ್ ಎಲ್ಲ ಸೇರಿ ನನ್ನ ತೂಕ ನೂರು ಕಿಲೋ. ಇಷ್ಟು ಗಾಳಿ ತಡೆದು ನಿಂತ ಮರ ನನ್ನನ್ನು ತಡೆಯದೇ? ಎರಡು ಹಗ್ಗ, ಎರಡು ಕವಲು ಹಾಕುತ್ತೇನೆ.' ಮಾಲೀಕರ ಮಾತೂ ನ್ಯಾಯವೇ. ಮನೆಯ ಕಡೆ ಭಾರ ಹಾಕುತ್ತಿರುವುದೇ ಆ ಕೊಂಬೆ, ಅದು ಹೋದರೆ ವಾಲಿಕೆಯ ಒತ್ತಡ ಕಡಿಮೆಯಾಗಿ ಮರ ಇನ್ನಷ್ಟು ಭದ್ರವಾಗುವುದಿಲ್ಲವೇ?

ಎರಡು ಹಗ್ಗದ ವಿಚಾರವನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಈ ಪ್ರಕರಣದಲ್ಲಿ ಕಲಿಯುವ ಮುಖ್ಯ ಸಂಗತಿ ಅದೇ ಎಂದು ನನ್ನ ಅಭಿಪ್ರಾಯ. ಎರಡು ಸ್ವತಂತ್ರ ಆಧಾರಗಳಿಂದ ಏನೇನು ತಪ್ಪುತ್ತದೆ? ಹಗ್ಗ ಕತ್ತರಿಸುವುದು, ಗಂಟು ಜಾರುವುದು, ಒಂದು ಕವಲು ಸೀಳುವುದು. ಇಡೀ ಮರ ಬುಡದಿಂದ ಏಳುವುದನ್ನು ಅದು ತಪ್ಪಿಸುವುದಿಲ್ಲ. ಎರಡು ಕವಲುಗಳೂ ಒಂದೇ ಕಾಂಡದವು, ಕಾಂಡ ನಿಂತಿರುವುದು ಒಂದೇ ಬೇರಿನ ಮೇಲೆ. ಕಾಗದದ ಮೇಲೆ ಎರಡಾಗಿ ಕಾಣುವ ಆಧಾರ ಮಣ್ಣಿನ ಮಟ್ಟದಲ್ಲಿ ಒಂದೇ. 22 ಕಿಲೋನ್ಯೂಟನ್ ಎಂಬ ಅಂಕಿಗೂ ಇದೇ ಮಾತು. ಕಾರ್ಖಾನೆಯಲ್ಲಿ ಹಗ್ಗವನ್ನು ಗಟ್ಟಿ ಉಕ್ಕಿಗೆ ಕಟ್ಟಿ ಎಳೆದು ಬರೆದ ಅಂಕಿ ಅದು. ನಾವು ಅದನ್ನು ಕಟ್ಟುವುದು ಜೀವಂತ ಕಟ್ಟಿಗೆಗೆ. ಸರಪಳಿಯ ಆ ಕೊನೆಯ ಕೊಂಡಿಗೆ ಪ್ರಮಾಣಪತ್ರ ಕೊಡಬೇಕಾದವರು ಕೆಲಸದ ದಿನ ಸ್ಥಳದಲ್ಲಿ ನಿಂತಿರುವ ನಾವೇ.

ಇನ್ನು ರಿಗ್ಗಿಂಗ್ ಭಾರ, ಅಂದರೆ ತುಂಡುಗಳನ್ನು ಮರಕ್ಕೇ ಕಟ್ಟಿದ ಪುಲ್ಲಿಯಿಂದ ಇಳಿಸುವಾಗ ಮರದ ಮೇಲೆ ಬೀಳುವ ಭಾರ. 35 ಸೆಂಟಿಮೀಟರ್ ದಪ್ಪದ, ಎರಡು ಮೀಟರ್ ಉದ್ದದ ತುಂಡಿನ ಗಾತ್ರ 0.19 ಘನಮೀಟರ್. ಹಸಿ ಕಟ್ಟಿಗೆಗೆ ಘನಮೀಟರಿಗೆ 900ರಿಂದ 1,000 ಕಿಲೋ ಹಿಡಿದರೆ 170ರಿಂದ 190 ಕಿಲೋ. ಮೇಲಿನ ಪುಲ್ಲಿಯ ಒಂದು ಪಕ್ಕ ತುಂಡು ಎಳೆಯುತ್ತದೆ, ಇನ್ನೊಂದು ಪಕ್ಕ ಕೆಳಗೆ ಹಿಡಿದಿರುವ ಹಗ್ಗ ಎಳೆಯುತ್ತದೆ. ಹೀಗಾಗಿ ತುಂಡು ಅಲುಗದೆ ತೂಗುತ್ತಿದ್ದರೂ ಪುಲ್ಲಿಯ ಮೇಲೆ ಹತ್ತಿರಹತ್ತಿರ ಎರಡರಷ್ಟು ಭಾರ, ಸುಮಾರು 3.5 ಕಿಲೋನ್ಯೂಟನ್. ಹಗ್ಗ ಬಿಗಿಯುವ ಮುಂಚೆ ತುಂಡು ಒಂದಿಷ್ಟು ದೂರ ಬಿದ್ದು ಗಕ್ಕನೆ ನಿಂತರೆ ಆ ಎಳೆತ ಹಲವು ಪಟ್ಟು ಏರುತ್ತದೆ. ಕೆಳಗಿನವನು ಹಗ್ಗವನ್ನು ನಿಧಾನಕ್ಕೆ ಓಡಬಿಟ್ಟರೆ ಇಳಿಯುತ್ತದೆ. ಆದರೆ ಕೆಳಗೆ ಚಾವಣಿ ಇರುವಾಗ ಓಡಬಿಡಲು ಜಾಗವೇ ಇರುವುದಿಲ್ಲ. ಆ ಹೊಡೆತಗಳೆಲ್ಲ ಬೀಳುವುದು ಏಳೆಂಟು ಮೀಟರ್ ಎತ್ತರದಲ್ಲಿ, ಮನೆಯ ದಿಕ್ಕಿಗೇ, ಹಿಂದಿನ ಬೇರು ಕಡಿದುಹೋದ ಬುಡದ ಮೇಲೆ. ಗಾಳಿಗೆ ಮರ ತನ್ನ ತೂಗಾಟದಲ್ಲೇ ಉತ್ತರ ಕೊಡುತ್ತದೆ, ಇಷ್ಟು ವರ್ಷ ಅದಕ್ಕೆ ತಕ್ಕಂತೆ ಕಟ್ಟಿಗೆ ಬೆಳೆಸಿಕೊಂಡಿರುತ್ತದೆ. ಒಂದೇ ಬಿಂದುವಿಗೆ ಬೀಳುವ ಹೊಡೆತ ಅದಕ್ಕೆ ಹೊಸದು.

ಪರೀಕ್ಷೆ. ಕೊಡತಿಯಿಂದ ಸುತ್ತಲೂ ಬಡಿದಾಗ ರಸ್ತೆ ಕಡೆ ಪೊಳ್ಳು ಸದ್ದು. ಆಮೇಲೆ ಸಣ್ಣ ಸೂಜಿ ಕೊರೆದುಕೊಂಡು ಹೋಗುತ್ತ ಕಟ್ಟಿಗೆಯ ಪ್ರತಿರೋಧವನ್ನು ಗೆರೆಯಾಗಿ ಬರೆಯುವ ಯಂತ್ರವನ್ನು ನಾಲ್ಕು ಕಡೆ ಹಾಕಿದೆ. ಗಟ್ಟಿ ಗೋಡೆಯ, ಅಂದರೆ ಕೊಳೆಯದೆ ಉಳಿದ ಹೊರ ಕಟ್ಟಿಗೆಯ, ದಪ್ಪ ಮನೆ ಕಡೆ 22 ಸೆಂಟಿಮೀಟರ್, ಪಕ್ಕಗಳಲ್ಲಿ 19 ಮತ್ತು 14, ರಸ್ತೆ ಕಡೆ 9. ಜರ್ಮನಿಯ ವಿಜ್ಞಾನಿ ಕ್ಲಾಸ್ ಮ್ಯಾಥೆಕ್ ಜನಪ್ರಿಯಗೊಳಿಸಿದ ಅಳತೆಗೋಲಿನ ಪ್ರಕಾರ ಟೊಳ್ಳು ಕಾಂಡದಲ್ಲಿ ಗಟ್ಟಿ ಗೋಡೆ ತ್ರಿಜ್ಯದ ಮೂರನೇ ಒಂದು ಭಾಗದ ಆಸುಪಾಸು ಇರಬೇಕು. ಇಲ್ಲಿ ತ್ರಿಜ್ಯ 55, ಅಂದರೆ 18 ಸೆಂಟಿಮೀಟರಿನಷ್ಟಾದರೂ ಬೇಕು. ಎರಡು ಕಡೆ ದಾಟುತ್ತದೆ, ಎರಡು ಕಡೆ ದಾಟುವುದಿಲ್ಲ. ಈ ಅಳತೆಗೋಲನ್ನು ಅಂತಿಮ ತೀರ್ಪಿನಂತೆ ಬಳಸುವವರನ್ನು ನೋಡಿದ್ದೇನೆ, ನನಗೆ ಸರಿಕಾಣುವುದಿಲ್ಲ. ಸುತ್ತಲೂ ಮುಚ್ಚಿದ ಟೊಳ್ಳಿಗೆ ಹೇಳಿದ ಮಾತು ಅದು, ಗೋಡೆಯಲ್ಲಿ ಬಾಯಿ ತೆರೆದಿದ್ದರೆ ಲೆಕ್ಕ ಬೇರೆಯಾಗುತ್ತದೆ. ಬೇರಿನ ಬಗ್ಗೆ ಅದು ಏನನ್ನೂ ಹೇಳುವುದೇ ಇಲ್ಲ.

ನಿರ್ಧಾರ ಮಾಡಿಸಿದ್ದು ಯಂತ್ರವಲ್ಲ, ಒಂದು ಉಕ್ಕಿನ ಸರಳು. ರಸ್ತೆ ಕಡೆಯ ಎರಡು ದೊಡ್ಡ ಬೇರುಗಳ ಪಕ್ಕದ ಮಣ್ಣು ಸರಿಸಿ, ಅಡಿಯಿಂದ ಸರಳು ಒತ್ತಿದಾಗ ಕೈಬಲಕ್ಕೇ 25 ಸೆಂಟಿಮೀಟರ್ ಒಳಗೆ ಹೋಯಿತು. ಮೇಲ್ಭಾಗ ಗಟ್ಟಿ, ಅಡಿಭಾಗ ಮೆತ್ತಗೆ. ಮಾಲೀಕರ ಕೈಗೇ ಸರಳು ಕೊಟ್ಟೆವು. ಒತ್ತಿ ನೋಡಿದ ಮೇಲೆ ಅವರು ಕೊಂಬೆಯ ಮಾತು ಬಿಟ್ಟರು. ಕೊಂಬೆ ತೆಗೆದರೆ ಭಾರ ಇಳಿಯುತ್ತದೆಂಬ ಅವರ ತರ್ಕ ತಪ್ಪಾಗಿರಲಿಲ್ಲ. ಆದರೆ ಉಳಿದ ನೆತ್ತಿಗೆ ಗಾಳಿ ಬೀಸುವುದು ನಿಲ್ಲುವುದಿಲ್ಲ, ಬೇರಿನ ಕೊಳೆಯೂ ನಿಲ್ಲುವುದಿಲ್ಲ, ಅರ್ಧ ಮೀಟರ್ ಅಗಲದ ಹೊಸ ಗಾಯವೊಂದು ಸೇರಿಕೊಳ್ಳುತ್ತದೆ. ಬೀಳುವ ದಿಕ್ಕಿನಲ್ಲಿ ಜನ ಮಲಗುವ ಕೋಣೆ ಇದೆ. ಮರವನ್ನು ಪೂರ್ತಿ ತೆಗೆಯುವುದೇ ಸರಿ ಎಂದು ಬರೆದುಕೊಟ್ಟೆ. ಮರ ಉಳಿಸಲೆಂದೇ ಈ ವೃತ್ತಿಗೆ ಬಂದವಳಿಗೆ ಆ ವಾಕ್ಯ ಬರೆಯುವುದು ಯಾವತ್ತೂ ಹಗುರವಲ್ಲ.

ತೆಗೆಯುವ ವಿಧಾನಕ್ಕೆ ಮುಖ್ಯಸ್ಥೆ ಇಟ್ಟ ಷರತ್ತು ಎರಡು: ಮರಕ್ಕೆ ಯಾರೂ ಕಟ್ಟಿಕೊಳ್ಳಬಾರದು, ಮರಕ್ಕೆ ಯಾವ ಭಾರವನ್ನೂ ಕಟ್ಟಬಾರದು. ರಸ್ತೆಯಲ್ಲಿ ಕ್ರೇನ್, ಅಂಗಳದಲ್ಲಿ ಆಳನ್ನು ಬುಟ್ಟಿಯಲ್ಲಿ ಮೇಲೆತ್ತುವ ಬೂಮ್ ಲಿಫ್ಟ್. ಲಿಫ್ಟಿನ ಕಾಲುಗಳ ಅಡಿ ಅಗಲವಾದ ಹಲಗೆ, ಕಂದಕ ಮುಚ್ಚಿದ ಸಡಿಲ ಮಣ್ಣಿನಿಂದ ದೂರ. ಮನೆಗೆ ಬರುವ ವಿದ್ಯುತ್ ತಂತಿಯನ್ನು ಮೊದಲೇ ಕಡಿತಗೊಳಿಸಿದರು. ಕೊಯ್ಯುವಾತ ಬುಟ್ಟಿಯಲ್ಲಿ, ಗಿಡ್ಡ ಲ್ಯಾನ್ಯಾರ್ಡಿನಿಂದ ಬುಟ್ಟಿಗೆ ಮಾತ್ರ ಕಟ್ಟಿಕೊಂಡು. ಆತನಿಗೆ ಏನಾದರೂ ಆದರೆ ಬುಟ್ಟಿ ಇಳಿಸಲು ಕೆಳಗಿನ ಕಂಟ್ರೋಲ್ ಬಲ್ಲ ಇನ್ನೊಬ್ಬರು ದಿನವಿಡೀ ಅಲ್ಲೇ. ಹಗ್ಗದಿಂದ ಹತ್ತುವ ದಿನಗಳಲ್ಲಿ ಎರಡನೆಯ ಹತ್ತುವವನೊಬ್ಬ ರಕ್ಷಣಾ ಕಿಟ್ ಸಮೇತ ಕೆಳಗೆ ಸಿದ್ಧನಿರಬೇಕಲ್ಲ, ಅದೇ ತತ್ವ.

ಸಣ್ಣ ಕೊಂಬೆಗಳನ್ನು ಬುಟ್ಟಿಯಿಂದಲೇ, ಕೈಯಲ್ಲಿ ಹಿಡಿಯಬಲ್ಲ ತುಂಡುಗಳಾಗಿ ತೆಗೆದರು. ಎದುರುಬದುರಿಗೆ ಒಂದನ್ನೊಂದು ಸ್ವಲ್ಪ ದಾಟುವಂತೆ ಎರಡು ಅರ್ಧ ಕೊಯ್ತ ಕೊಟ್ಟು, ಗರಗಸ ನಿಲ್ಲಿಸಿ, ಎರಡೂ ಕೈಯಿಂದ ಮುರಿಯುವುದು. ಇದು ನಿಧಾನ. ಆದರೆ ಒಂದು ಕೈಯಲ್ಲಿ ಕೊಂಬೆ, ಇನ್ನೊಂದರಲ್ಲಿ ಓಡುವ ಚೈನ್‌ಸಾ ಹಿಡಿಯುವ ಅಗತ್ಯವೇ ಬೀಳುವುದಿಲ್ಲ. ಮೇಲ್ಹಿಡಿಯ ಚಿಕ್ಕ ಗರಗಸ ಒಂದು ಕೈಗೆ ಒದಗುವಷ್ಟು ಹಗುರವಾಗಿರುವುದೇ ಅದರ ಅಪಾಯ. ಚೈನ್ ಸುತ್ತುವ ಲೋಹದ ಬಾರಿನ ತುದಿಯ ಮೇಲ್ಭಾಗ ಎಲ್ಲಾದರೂ ತಾಗಿ ಗರಗಸ ಹಿಂದಕ್ಕೆ ಒದ್ದರೆ ಒಂದು ಕೈ ಅದನ್ನು ತಡೆಯಲಾರದು.

ದಪ್ಪ ತುಂಡುಗಳು ಕ್ರೇನಿಗೆ. ಇಲ್ಲಿನ ಸೂಕ್ಷ್ಮ ಕೊಯ್ಯುವ ಮುಂಚಿನ ಎಳೆತದಲ್ಲಿದೆ. ತುಂಡಿನ ಅಂದಾಜು ತೂಕದಷ್ಟೇ ಎಳೆತ ಕೊಟ್ಟು ನಿಲ್ಲಿಸಬೇಕು. ಕಡಿಮೆಯಾದರೆ ತುಂಡು ಕುಸಿಯುತ್ತದೆ, ಹೆಚ್ಚಾದರೆ ಕ್ರೇನ್ ಇಡೀ ಮರವನ್ನು ಎಳೆದಂತೆ, ಕೊಯ್ತ ಮುಗಿದ ಕ್ಷಣ ತುಂಡು ಮೇಲಕ್ಕೆ ಚಿಮ್ಮುತ್ತದೆ. ಒಂದು ಕವಲಿನ ತುಂಡಿಗೆ, ಸರಾಸರಿ ದಪ್ಪ 52 ಸೆಂಟಿಮೀಟರ್, ಉದ್ದ 2.2 ಮೀಟರ್ ಎಂದು 420 ಕಿಲೋ ಲೆಕ್ಕ ಹಾಕಿದ್ದರು. ಕೊಯ್ತ ಮುಗಿದಾಗ ತುಂಡು ಗೇಣುದ್ದ ಕುಸಿಯಿತು, ಕ್ರೇನಿನ ತೂಕಮಾಪಕ 530 ಕಿಲೋ ತೋರಿಸಿತು. ಕವಲಿನ ಉಬ್ಬು ಮತ್ತು ಒಳಗಿನ ಪೊಟರೆಯಲ್ಲಿ ನಿಂತ ನೀರು ಲೆಕ್ಕದಲ್ಲಿರಲಿಲ್ಲ. ಆ ದೂರದಲ್ಲಿ ಕ್ರೇನಿನ ಸಾಮರ್ಥ್ಯ 1,400 ಕಿಲೋ, ಅರ್ಧಕ್ಕಿಂತ ಹೆಚ್ಚು ಎತ್ತುವುದಿಲ್ಲವೆಂದು ಮೊದಲೇ ಗೆರೆ ಎಳೆದಿದ್ದರಿಂದ ಅದು ಟಿಪ್ಪಣಿಯಾಗಿ ಮುಗಿಯಿತು. ಇದೇ ತಪ್ಪು ಅಂದಾಜು ಮರಕ್ಕೆ ಕಟ್ಟಿದ ಪುಲ್ಲಿಯ ಮೇಲೆ ನಡೆದಿದ್ದರೆ ಹೊಡೆತ ನೇರ ಆ ಬೇರುಗಳಿಗೆ.

ಬುಡದ ಕೊಯ್ತ ಬಯಲಾದಾಗ ಹತ್ತುವಾತ ಬಹಳ ಹೊತ್ತು ಅದನ್ನೇ ನೋಡಿದ. ಕಾಂಡದ ಗೋಡೆ ಯಂತ್ರ ಹೇಳಿದ್ದಕ್ಕಿಂತ ಕೊಂಚ ಚೆನ್ನಾಗಿಯೇ ಇತ್ತು. ಬೇರುಗಳು ಹೆದರಿದ್ದಕ್ಕಿಂತ ಹಾಳಾಗಿದ್ದವು, ರಸ್ತೆ ಕಡೆಯವುಗಳಲ್ಲಿ ತೊಗಟೆಯ ಅಡಿಯ ತೆಳು ಪದರ ಬಿಟ್ಟರೆ ಹಿಡಿತವೇ ಇರಲಿಲ್ಲ. 'ನನ್ನನ್ನು ತಡೆಯುತ್ತಿತ್ತು' ಎಂದ. ತಡೆಯುತ್ತಿತ್ತೇನೋ, ನಾನೂ ಅಲ್ಲಗಳೆಯುವುದಿಲ್ಲ. ಒಬ್ಬ ಮನುಷ್ಯನ ನಿಂತ ಭಾರ ಬೇರೆ, ಒಂದರ ಹಿಂದೊಂದು ಬೀಳುವ ತುಂಡುಗಳ ಎಳೆತ ಬೇರೆ. ಆತ ಹತ್ತಲು ಹೊರಟಿದ್ದು ಎರಡನೆಯದಕ್ಕಾಗಿ. ಮುಖ್ಯಸ್ಥೆ ಇನ್ನೂ ಬಿಗಿಯಾಗಿ ಹೇಳಿದರು: ಕಡಿದ ಮೇಲೆ ಕಂಡದ್ದನ್ನು ಹಿಡಿದು ಕಡಿಯುವ ಮುಂಚಿನ ನಿರ್ಧಾರವನ್ನು ತೂಗಬೇಡ, ಬೆಳಿಗ್ಗೆ ನಮ್ಮ ಕೈಯಲ್ಲಿದ್ದದ್ದು ಒಂದು ಅಣಬೆ, ಒಂದು ಕಂದಕ, ಒಂದು ಚಾವಣಿ. ನಾನು ಅವರ ಪಕ್ಷ. ಬುಡ ಪೂರ್ತಿ ಗಟ್ಟಿಯಾಗಿ ಕಂಡಿದ್ದರೂ ನಿಲ್ಲಿಸಿದ್ದು ಸರಿಯೇ ಆಗಿರುತ್ತಿತ್ತು.

ನನ್ನ ಆಕ್ಷೇಪ ಇರುವುದು ದರ ಹೇಳಿದ ರೀತಿಗೆ. ಬಂದ ಫೋಟೋಗಳೆಲ್ಲ ಕೊಂಬೆಯವು. ಬುಡ ನೋಡದೆ ಒಂದೇ ಮೊತ್ತಕ್ಕೆ ಒಪ್ಪಿಕೊಂಡರೆ, ಕೆಲಸದ ದಿನ ಅಣಬೆ ಕಂಡವನ ಎದೆಯಲ್ಲಿ ಮೊದಲು ಏಳುವುದು ಖರ್ಚಿನ ಚಿಂತೆ. ಲಿಫ್ಟ್ ತರಿಸಿದರೆ ನಷ್ಟ, ಹತ್ತಿ ಮುಗಿಸಿದರೆ ಲಾಭ. ದಿನವಿಡೀ ಹಾರ್ನೆಸ್ಸಿನಲ್ಲಿ ತೂಗಿ, ಗರಗಸದ ಕಂಪನಕ್ಕೆ ಬೆರಳು ಜೋಮು ಹಿಡಿದು, ನೂರು ಡೆಸಿಬೆಲ್ ಮೀರಿದ ಸದ್ದಿನಲ್ಲಿ ದುಡಿಯುವವರ ಮೇಲೆ ಆ ಒತ್ತಡವನ್ನೂ ಹೇರಬಾರದು. ಈ ತಂಡ ನಷ್ಟ ನುಂಗಲು ಸಿದ್ಧವಾಯಿತು, ಮಾಲೀಕರು ಕ್ರೇನಿನ ಖರ್ಚು ಹಂಚಿಕೊಂಡರು. ಎಲ್ಲ ಮಾಲೀಕರೂ ಹಾಗಿರುವುದಿಲ್ಲ. ಈಗ ಅವರ ದರಪಟ್ಟಿಯಲ್ಲಿ ಬುಡ ಪರೀಕ್ಷೆಯಾದ ಮೇಲೆ ವಿಧಾನವೂ ಮೊತ್ತವೂ ಬದಲಾಗಬಹುದೆಂಬ ಸಾಲಿದೆ, ಫೋಟೋ ಕೇಳುವಾಗ ಬುಡದ ನಾಲ್ಕೂ ದಿಕ್ಕಿನವನ್ನು ಕೇಳುತ್ತಾರೆ. ಬೆಳಗಿನ ಮಾತುಕತೆ ನಡೆಯುವುದೂ ಬುಡದ ಸುತ್ತ ನಿಂತೇ, ಕೊಡತಿ ಕಿರಿಯವನ ಕೈಯಲ್ಲಿ.

ಅದೇ ಕಂದಕದ ಸಾಲಿನಲ್ಲಿ ಇನ್ನೊಂದು ಮಳೆಮರವಿದೆ. ಸೂಜಿ ಪರೀಕ್ಷೆಯಲ್ಲಿ ಗೋಡೆ ಎಲ್ಲ ಕಡೆ 20 ಸೆಂಟಿಮೀಟರ್ ದಾಟಿತು, ಅಣಬೆ ಇಲ್ಲ, ಆದರೆ ಒಂದು ಬೇರಿನ ಪಕ್ಕ ಸರಳು ನಾಲ್ಕು ಸೆಂಟಿಮೀಟರ್ ಇಳಿಯಿತು. ಉಳಿಸಿಕೊಳ್ಳಬಹುದೆಂದು ಬರೆದಿದ್ದೇನೆ. ಮಳೆ ಮುಗಿದ ಮೇಲೆ ಬುಡದ ತರಗೆಲೆ ಸರಿಸಿ ಮತ್ತೆ ನೋಡಬೇಕು, ಅಲ್ಲಿಯವರೆಗೆ ಆ ಮರಕ್ಕೂ ರಿಗ್ಗಿಂಗ್ ಕಟ್ಟುವಂತಿಲ್ಲ.